ಬಾಗಿಲು ತೆಗೆದು ಅಂಜಿದವರು

ಬೋರ್ಡಿನ ಮೇಲೆ ಬರೆಯುವಾಗ ನಮ್ಮ ಹಿಂದಿ ಟೀಚರ ಬಲಗೈ ನಡುಗುತ್ತಿತ್ತು. ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡೇ ಬರೆಯುತ್ತಿದ್ದರು. ಸಿರುಗುಪ್ಪದ ಹೈಸ್ಕೂಲಿನಲ್ಲಿ ನಾವೆಲ್ಲ ಅದನ್ನು ರೋಗ ಅಂದುಕೊಂಡಿದ್ದೆವು. ಒಂದು ದಿನ ಅವರೇ ಹೇಳಿದರು: "ರೋಗ ಅಲ್ರವ್ವ, ಅಂಜಿಕಿ. ಇಷ್ಟು ಹುಡುಗ್ಯಾರು ಹಿಂದ ಕುಂತು ನೋಡಿದ್ರ ಯಾರಿಗೆ ಅಂಜಿಕಿ ಆಗಂಗಿಲ್ಲ?"

ಗುಡುಗು, ಲಿಫ್ಟು, ಬೀದಿನಾಯಿ, ಗ್ಯಾಸ್ ಒಲೆ, ಎಲ್ಲಕ್ಕೂ ಅಂಜುತ್ತಿದ್ದರು. ಅದನ್ನು ಮುಚ್ಚಿಡುತ್ತಿರಲಿಲ್ಲ.

ನಿವೃತ್ತರಾದ ಮೇಲೆ, ನಾನು ಮದುವೆಯಾಗಿ ಬಂದಿದ್ದ ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಪಕ್ಕದ ಮನೆಗೇ ಬಾಡಿಗೆಗೆ ಬಂದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಓಣಿಯಲ್ಲಿ ಯಾರದೋ ಸರ ಕಿತ್ತುಕೊಂಡು ಹೋದರು ನೋಡಿ, ಆವತ್ತಿನಿಂದ ಹಾಡಹಗಲೇ ಬಾಗಿಲಿಗೆ ಮಂಚ ಒತ್ತಿ ಕೂರತೊಡಗಿದರು. ನಾನು ಹೋಳಿಗೆಯೋ ಪಲ್ಯವೋ ಕೊಡಲು ಹೋದರೆ ಒಳಗಿನಿಂದ "ಖರೇನ ನೀನನಾ?" ಅನ್ನುತ್ತಿದ್ದರು. ಆಮೇಲೆ ಮಂಚ ಎಳೆಯುವ ಸದ್ದು.

ಹಾಗೆ ಮಂಚ ಎಳೆದು ನನ್ನನ್ನು ಒಳಗೆ ಕರೆದುಕೊಂಡ ಒಂದು ಮಧ್ಯಾಹ್ನ ಫೋನಿನಲ್ಲಿ ವಿಡಿಯೋ ತೋರಿಸಿದರು. ವಿಯೆಟ್ನಾಂ ದೇಶದ ದನಾಂಗ್. ಉದ್ದಕ್ಕೂ ಸಮುದ್ರ, ದಂಡೆಯ ಮೇಲೆ ವಯಸ್ಸಾದವರು ನಿಧಾನವಾಗಿ ನಡೆಯುತ್ತಿದ್ದರು.

"ಯಾರಿಗೂ ಅವಸರ ಇಲ್ಲಂತ. ನನ್ನ ಪಿಂಚಣ್ಯಾಗ ಆರಾಮಾಗಿ ಇರಬೌದಂತ. ಅಲ್ಲಿಗೆ ಹೊಂಟೀನಿ ನಾ."

ಪ್ರವಾಸಕ್ಕೆ ಅಂದುಕೊಂಡೆ. ಇರಲಿಕ್ಕೆ ಅಂದರು.

"ಟೀಚರ್, ನೀವು ಲಿಫ್ಟ್ ಹತ್ತಾಕ ಅಂಜ್ತೀರಿ. ವಿಮಾನ ಹೆಂಗ ಹತ್ತತೀರಿ?"

"ಅಂಜಿಕೋತ ಹತ್ತತೀನಿ. ಇಲ್ಲಿ ಬಾಗಲಾ ಹಾಕ್ಕೊಂಡು ಅಂಜಾಕತ್ತೀನವ್ವ. ಅಲ್ಲಿ ಬಾಗಲಾ ತಗದು ಅಂಜ್ತೀನಿ."

ಕುರುಗೋಡಿನಿಂದ ಅವರ ತಮ್ಮ ಓಡಿಬಂದರು. ಬೈದರು, ಬೇಡಿಕೊಂಡರು, ಕಡೆಗೆ ಕೇಳಿದರು: "ಅಕ್ಕಾ, ನಾಳೆ ಏನರ ಆದ್ರ ಅಲ್ಲಿ ನಿನಗ ಮಣ್ಣು ಕೊಡೋರು ಯಾರು?"

ಟೀಚರ ಮುಖ ಬಿಳಿಚಿತು. ಕೊರಳಲ್ಲಿದ್ದ ಲಿಂಗದ ಕರಡಿಗೆ ಹಿಡಿದುಕೊಂಡರು. "ಅದನ್ನ ನಾನೂ ಕೇಳ್ಕೊಂಡೀನೋ ತಮ್ಮಾ."

ಆದರೂ ಟಿಕೆಟ್ ಮಾಡಿಸಿದರು. ಬೆಂಗಳೂರಿನ ವಿಮಾನ ನಿಲ್ದಾಣದವರೆಗೆ ನಾನೇ ಹೋದೆ. ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. "ಕಾಲು ಬರವಲ್ವು" ಅಂದರು. ವಾಪಸ್ ಹೋಗೋಣ ಬರ್ರಿ ಅಂದೆ. ಬೇಡವೆಂದು ತಲೆಯಾಡಿಸಿ, ಅಲ್ಲಿನ ಹುಡುಗಿಯೊಬ್ಬಳಿಗೆ ಹೇಳಿ ಗಾಲಿಕುರ್ಚಿ ತರಿಸಿಕೊಂಡರು. ಎಲ್ಲರೂ ಕಾಯಿಲೆಯವರು ಅಂದುಕೊಂಡು ದಾರಿ ಬಿಟ್ಟರು. ಬರೀ ಭಯವನ್ನು ಕೂರಿಸಿಕೊಂಡು ಆ ಕುರ್ಚಿ ಒಳಗೆ ಹೋಯಿತು.

ಅಲ್ಲಿ ಅವರಿಗೆ ಸಿಕ್ಕಿದ್ದು ಸಸ್ಯಾಹಾರಿ ಊಟದ ಅಂಗಡಿಯ ಮೇಲಿನ ಕೋಣೆ. ಅಂಗಡಿಯವಳೇ ಮನೆಯೊಡತಿ. ಮೂರು ತಿಂಗಳಿಗೊಮ್ಮೆ ಗಡಿ ದಾಟಿ ಬಂದು ವೀಸಾ ಹೊಸದು ಮಾಡಿಸಬೇಕಿತ್ತು. ಪ್ರತಿ ಸಲವೂ ಹಿಂದಿನ ದಿನ ಟೀಚರಿಗೆ ಜ್ವರ ಬರುತ್ತಿತ್ತು. ಜ್ವರದಲ್ಲೇ ಹೋಗಿಬರುತ್ತಿದ್ದರು. ಒಮ್ಮೆ ಬಿರುಗಾಳಿ ಬಂದು ಫೋನ್ ಸತ್ತುಹೋಯಿತು. ನಾನಿಲ್ಲಿ ಅನ್ನ ಬಿಟ್ಟು ಕೂತಿದ್ದೆ. ಕೊನೆಗೆ ಅವರ ದನಿ ಕೇಳಿತು: "ಅದೀನಿ. ಎಲ್ಲಾರೂ ಒಂದ ಕ್ವಾಣ್ಯಾಗ ಕುಂತು ಅಂಜಿದ್ವಿ. ಒಬ್ಬಾಕಿನ ಅಂಜಾದಕ್ಕಿಂತ ಬೇಸಿತ್ತು."

ಎರಡನೆಯ ವರ್ಷ ಆ ಮನೆಯೊಡತಿಯ ಕರೆ ಬಂತು. ಟೀಚರು ಬೆಳಿಗ್ಗೆ ಏಳಲಿಲ್ಲವಂತೆ. ಅವಳು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಫೋನೇ ಅನುವಾದಿಸಿ, ಪುಸ್ತಕದ ಕನ್ನಡದಲ್ಲಿ ಕೇಳಿತು: "ಬೆಂಕಿಯೋ, ಮಣ್ಣೋ, ದಯವಿಟ್ಟು ತಿಳಿಸಿ." ಕುರುಗೋಡಿಗೆ ಫೋನ್ ಹಚ್ಚಿದೆ. ತಮ್ಮ ಅಳುತ್ತಲೇ ಹೇಳಿದರು: ಮಣ್ಣು, ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು. ಕಚೇರಿಗಳ ಕೆಲಸ ಮುಗಿದ ಮೇಲೆ ಮನೆಯೊಡತಿ ಅಷ್ಟನ್ನೂ ಹಾಗೆಯೇ ಮಾಡಿಸಿದಳು. ತನ್ನದೇ ಮನೆತನದ ಗದ್ದೆಯಲ್ಲಿ, ತನ್ನ ತಾಯಿಯ ಗೋರಿಯ ಪಕ್ಕದಲ್ಲಿ.

ತಮ್ಮನಿಗೆ ಮಂಡಿನೋವು. ಹೋದವಳು ನಾನು, ಒಬ್ಬಳೇ. ಗೋರಿಗೆ ಕೈಮುಗಿದು ಬಂದ ಸಂಜೆ ಮನೆಯೊಡತಿ ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ, ಫೋನು ನಡುವೆ ಇಟ್ಟು ಮಾತಾಡಿದಳು.

"ಅವರು ಪ್ರತಿ ಸಂಜೆ ಇಲ್ಲಿ ಕುಳಿತು ತಮ್ಮ ಆ ದಿನದ ಭಯವನ್ನು ಹೇಳುತ್ತಿದ್ದರು. ಬಳಿಕ ನಾನು ನನ್ನದನ್ನು ಹೇಳುತ್ತಿದ್ದೆ. ಈಗ ನನಗೆ ಯಾರೂ ಇಲ್ಲ. ನಿಮ್ಮ ಭಯ ಯಾವುದು?"

ನನ್ನ ಎದೆಯಲ್ಲಿ ಒಂದು ಗಂಟಿತ್ತು. ಕೈಗೆ ಸಿಕ್ಕು ಎಷ್ಟೋ ದಿನವಾಗಿತ್ತು. ಗಂಡನಿಗೂ ಹೇಳಿರಲಿಲ್ಲ, ಆಸ್ಪತ್ರೆಯ ದಿಕ್ಕಿಗೂ ಹೋಗಿರಲಿಲ್ಲ. ಭಾಷೆ ಬಾರದ ಆ ಹೆಂಗಸಿಗೆ, ಆ ಮೆಟ್ಟಿಲ ಮೇಲೆ, ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಫೋನ್ ಅದನ್ನು ಅವಳಿಗೆ ದಾಟಿಸಿತು. ಅವಳು ನನ್ನ ಕೈಮೇಲೆ ಕೈಯಿಟ್ಟಳು.

ಬಳ್ಳಾರಿಗೆ ಬಂದ ವಾರವೇ ಆಸ್ಪತ್ರೆಗೆ ಹೋದೆ. "ಇನ್ನಷ್ಟು ತಡ ಮಾಡಿದ್ದರ ಕಷ್ಟ ಇತ್ತವ್ವ" ಅಂದರು ಡಾಕ್ಟರು.

ಚಿಕಿತ್ಸೆ ಮುಗಿದಿದೆ. ಆದರೂ ತಪಾಸಣೆಯ ದಿನ ಬಂದರೆ ಬಾಯಿ ಒಣಗುತ್ತದೆ. ಹೊರಗಿನ ಬೆಂಚಿನಲ್ಲಿ ನನ್ನಂಥವರೇ ಸೆರಗು ಬಿಗಿ ಹಿಡಿದು, ಯಾರ ಮುಖವನ್ನೂ ನೋಡದೆ ಕೂತಿರುತ್ತಾರೆ. ಪಕ್ಕದಲ್ಲಿ ಯಾರೇ ಇರಲಿ, ಮೊದಲು ನಾನೇ ಹೇಳುತ್ತೇನೆ:

"ನನಗ ಬಾಳ ಅಂಜಿಕಿ ಆಗೇತ್ರಿ. ನಿಮಗ?"