ಎಡಗೈ ತುತ್ತು

ನನ್ನ ಗಂಡ ತಿಜಾನಿ ಸ್ಫಾಕ್ಸ್ ಬಂದರಿನಲ್ಲಿ ಬಲೆ ಹೆಣೆದು ಬದುಕಿದವರು. ಲಕ್ವ ಹೊಡೆದು ಅವರ ಎಡಗೈ ಬಿದ್ದುಹೋಯಿತು. ಆಸ್ಪತ್ರೆಯ ಡಾಕ್ಟರ್ ನಿಜಾರ್, ಪ್ಯಾರಿಸ್ಸಿನಲ್ಲಿ ಓದಿದ ಮಹಾಶಯ, ತನ್ನ ಸಂಶೋಧನೆಗೆ ಇವರನ್ನು ಸೇರಿಸಿಕೊಂಡ. ಚೆನ್ನಾಗಿರುವ ಬಲಗೈಯನ್ನು ಗವಸಿನಲ್ಲಿ ಕಟ್ಟಿಟ್ಟರೆ ಬೇರೆ ದಾರಿಯಿಲ್ಲದೆ ಎಡಗೈ ಕೆಲಸ ಕಲಿಯುತ್ತದಂತೆ. ಕಲಿಯಿತು ಕೂಡ, ಬೆರಳುಗಳು ಬಲೆಯ ದಾರ ಹಿಡಿಯತೊಡಗಿದವು.

ಆದರೆ ಊಟ? "ಎಡಗೈಲಿ ಉಣ್ಣೋಕೆ ನಾನೇನು ಸೈತಾನನೇನೇ?" ಎಂದು ಅವರು ಬಾಯಿ ಮುಚ್ಚಿ ಕೂತರು. ನಾನೇ ಕುಸ್ಕುಸ್ ತುತ್ತು ಮಾಡಿ ತಿನ್ನಿಸಿದೆ.

ಅದು ಡಾಕ್ಟರನಿಗೆ ಗೊತ್ತಾಯಿತು. "ಖಾಲ್ತಿ," ಚಿಕ್ಕಮ್ಮ ಎಂದೇ ಕರೆದ, "ನೀವು ಉಣಿಸಿದ್ರೆ ನನ್ನ ಸಂಶೋಧನೆ ಕೆಡುತ್ತೆ. ಇವರನ್ನ ಕೈಬಿಡ್ತೀನಿ."

"ಊಟದ ಹೊತ್ತಿಗೆ ಮಾತ್ರ ಗವಸು ಬಿಚ್ಚಪ್ಪ."

"ನಿಯಮ ಅಂದ್ರೆ ನಿಯಮ."

"ಹಾಗಾದ್ರೆ ನಿಮ್ಮಪ್ಪನ ಎದುರು ಕೂತು ಎಡಗೈಲಿ ಒಂದು ತುತ್ತು ತಿಂದು ಬಾ. ಆಮೇಲೆ ಇವ್ರೂ ತಿಂತಾರೆ."

ಅವನು ಪಟ್ಟಿಯಿಂದ ನನ್ನ ಗಂಡನ ಹೆಸರು ಹೊಡೆದುಹಾಕಿದ. ಗವಸನ್ನೂ ಮರೆಯದೆ ಕಿತ್ತುಕೊಂಡ.

ಮನೆಯಲ್ಲಿ ನಾನು ಬಲಗೈಗೆ ಹಳೆಯ ಕಾಲುಚೀಲ ಕಟ್ಟಿದೆ. "ಡಾಕ್ಟರೇ ಬೇಡ ಅಂದ್ಮೇಲೆ ನೀನ್ಯಾವಳೇ?" ಎಂದು ನನ್ನ ಗಂಡ ಬಿಚ್ಚಿ ಎಸೆದರು. ತಮ್ಮನ್ನು ಎತ್ತಿ ಬಿಸಾಡಿದವನ ಮಾತೇ ಅವರಿಗೆ ದೊಡ್ಡದಾಯಿತು. ಎರಡನೆಯ ಲಕ್ವ ಬಂದು ಅವರು ಸತ್ತಾಗ ಆ ಎಡಗೈ ಮತ್ತೆ ಮರದ ತುಂಡಾಗಿತ್ತು.