ಎಂಟನೇ ಪಂಪ್‌ಹೌಸಿನ ಬೀಗದ ಕೈ

ತೊಂಬತ್ತರ ದಶಕದ ಕೊನೆಯ ಮಾತು. ನಾನು ತಿ. ನರಸೀಪುರದಲ್ಲಿ ವಿಜ್ಞಾನದ ಮೇಷ್ಟ್ರು. ಹೆಮ್ಮರಗಾಲದಲ್ಲಿ ನಮ್ಮಕ್ಕನ ಬೇಸಾಯ. ಅವಳು ಓದಿದ್ದು ನಾಲ್ಕನೇ ಕ್ಲಾಸು, ನಾನು ಬಿ.ಎಸ್ಸಿ., ಬಿ.ಎಡ್. ಕೊಬ್ಬು ಎಷ್ಟಿರಬೇಕೋ ಅಷ್ಟಿತ್ತು ನನಗೆ.

ಅಲ್ಲಿ ಒಂದು ಟ್ರಾನ್ಸ್‌ಫಾರ್ಮರಿಗೆ ಎಂಟು ಮೋಟಾರು, ಅಕ್ಕನದೂ ಅದರಲ್ಲೊಂದು. ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತೋ ಗೊತ್ತಿಲ್ಲ. ಅದಕ್ಕೇ ಎಲ್ಲರೂ ಸ್ಟಾರ್ಟರಿಗೆ ಆಟೋ ಡಬ್ಬಿ ಕೂರಿಸಿದ್ದರು. ಕರೆಂಟು ಬಂತೋ, ಮೋಟಾರು ತಾನಾಗೇ ಶುರು. ಎಂಟನೆಯದು ನನ್ನ ಪಾಲಿನ ತೆಂಗಿನ ತೋಟದ್ದು. ಭಾನುವಾರಕ್ಕೊಮ್ಮೆ ಹೋಗುವವನು ನಾನು, ಆಟೋ ಹಾಕಿ ಬೀಗ ಜಡಿದು ಬರುತ್ತಿದ್ದೆ. ಎಂಟೂ ಒಟ್ಟಿಗೇ ಎದ್ದರೆ ಆ ಟ್ರಾನ್ಸ್‌ಫಾರ್ಮರ್ ಏನಾಗಬೇಕು ಹೇಳಿ? ವೋಲ್ಟೇಜು ಇಳಿಯುವುದು, ನೀರು ಎತ್ತುವುದಿಲ್ಲ ಅಂತ ಒಬ್ಬ ಇನ್ನೂ ದೊಡ್ಡ ಮೋಟಾರು ತರುವುದು. ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟುಹೋಯಿತು.

ಎರಡನೇ ಸಲ ಸುಟ್ಟಾಗ ಅಕ್ಕನ ರಸಬಾಳೆ ಗೊನೆ ಹಾಕಿತ್ತು. ರೋಗ ಬಿದ್ದು ರಸಬಾಳೆ ಸುತ್ತಮುತ್ತ ಕಾಣೆಯಾಗುತ್ತಿದ್ದ ಕಾಲ. ಊರೂರು ಅಲೆದು ರೋಗವಿಲ್ಲದ ಕಂದು ತಂದು ಐದು ಗುಂಟೆಯಲ್ಲಿ ನೆಟ್ಟಿದ್ದಳು. ಅದು ಒಣಗಿದರೆ ಮತ್ತೆ ಕಂದು ಸಿಗುವ ನಂಬಿಕೆಯಿರಲಿಲ್ಲ.

ಆ ಭಾನುವಾರ ನಾನು ಬೇವಿನ ಮರದ ಕೆಳಗೆ ನಾಲ್ಕು ಜನರನ್ನು ಕೂರಿಸಿಕೊಂಡು ಭಾಷಣ ಹೊಡೆದೆ. "ಇದಕ್ಕೆಲ್ಲ ಒಂದೇ ದಾರಿ, ಅಣುಸ್ಥಾವರ ಕಟ್ಟಬೇಕು." ಕೊಡದಲ್ಲಿ ಬಾಳೆಗೆ ನೀರು ಹೊರುತ್ತಿದ್ದ ಅಕ್ಕ ನಿಂತಳು.

"ಕಟ್ಟಕ್ಕೆ ಎಷ್ಟ್ ದಿನ ಆಯ್ತದ್ಲಾ?"

"ಹತ್ತು ವರ್ಷವಾದರೂ ಬೇಕಕ್ಕ."

"ನನ್ ಬಾಳೆಗೆ ಹತ್ ದಿನ ಇಲ್ವಲ್ಲಪ್ಪಾ! ಅಷ್ಟ್ ಕರೆಂಟ್ ತಂದು ಎಂಟೂ ಒಟ್ಗೇ ಎದ್ರೆ ಇದು ತಿರ್ಗಾ ಸುಡಲ್ವಾ?"

ನನಗೆ ಸಿಟ್ಟು ಬಂತು, ಅಷ್ಟೆ.

ಅವಳು ಸುಮ್ಮನೆ ಕೂರಲಿಲ್ಲ. ತನ್ನ ಬಾವಿಗೆ ಆಳು ಇಳಿಸಿ, ಪೈಪಿನ ಬುಡದಲ್ಲಿ ಪಾಚಿ ಕಟ್ಟಿದ್ದ ಫುಟ್‌ವಾಲ್ವ್ ತೆಗೆಸಿ ಉಜ್ಜಿಸಿದಳು, ಸಣ್ಣ ಪೈಪು ಕಿತ್ತು ದಪ್ಪ ಪೈಪು ಹಾಕಿಸಿದಳು. ಆಮೇಲೆ ಮನೆಮನೆಗೆ ಹೋದಳು. "ಆಟೋ ಕಿತ್ತಾಕಿ. ನಾಕ್ ಮೋಟ್ರು ಮೊದ್ಲು, ನಾಕು ಆಮೇಲೆ. ನಂದು ಎಲ್ಲಾರ್ಗಿಂತ ಕೊನೇಲಿ." ಗೊಣಗುತ್ತಿದ್ದವರ ಬಾಯಿ ಕಟ್ಟಿದ್ದು ಆ ಕೊನೆಯ ಮಾತಿಗೆ.

ಗುರುವಾರ ನಾನು ಬೋರ್ಡಿನ ಮೇಲೆ ಪರಮಾಣುವಿನ ಚಿತ್ರ ಬರೆಯುತ್ತಿದ್ದೆ. ಬಾಗಿಲಲ್ಲಿ ಅಕ್ಕ! ಎರಡು ಬಸ್ಸು ಬದಲಾಯಿಸಿ ಬಂದು ಬೆವರು ಒರೆಸಿಕೊಳ್ಳುತ್ತಿದ್ದಳು.

"ಬೀಗದ ಕೈ ಕೊಡ್ಲಾ."

"ಯಾವುದಕ್ಕ?"

"ನಿನ್ ಪಂಪ್‌ಹೌಸಿಂದು. ಹೊಸ ಟ್ರಾನ್ಸ್‌ಫಾರ್ಮರ್ ಬಂದದೆ, ನಾಳೆ ಬೆಳಗ್ಗೆ ಕರೆಂಟ್ ಬಿಡ್ತಾರೆ. ಏಳೂ ಆಟೋ ಕಿತ್ತವ್ರೆ. ನಿಂದೊಂದ್ ಉಳ್ಕಂಡ್ರೆ ಎಲ್ಲಾರೂ ತಿರ್ಗಾ ಹಾಕ್ಕತಾರೆ."

ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಥೂ, ಅಂತ ನನ್ನನ್ನು ನಾನೇ ಬೈದುಕೊಂಡೆ. ರಜ ಬರೆದುಕೊಟ್ಟು ಅವಳ ಜೊತೆಗೇ ಹೊರಟೆ, ಆಟೋ ಡಬ್ಬಿಯನ್ನು ನನ್ನ ಕೈಯಾರೆ ಬಿಚ್ಚಿ, ಬೀಗದ ಕೈಯನ್ನು ಅವಳಿಗೇ ಕೊಟ್ಟೆ.

ಮಾರನೇ ಬೆಳಗ್ಗೆ ಮೊದಲ ನಾಲ್ಕು ಮೋಟಾರು ಎದ್ದವು. ಟ್ರಾನ್ಸ್‌ಫಾರ್ಮರ್ ಏನೂ ಆಗದೆ ನಿಂತಿತ್ತು. ಜೋತುಬಿದ್ದ ಬಾಳೆ ನೋಡಲಾಗದೆ ಪಕ್ಕದ ಹೊಲದವರು, "ಅಕ್ಕಾ, ನೀವೇ ಮೊದ್ಲು ಮೋಟ್ರು ಹಾಕ್ಕಳಿ" ಅಂದರು. "ಸರದಿ ಅಂದ್ಮೇಲೆ ಸರದಿ" ಅಂದಳು, ಬದುವಿನ ಮೇಲೆ ಕೂತಳು. ಮೂರು ಗಂಟೆ ಕಳೆದ ಮೇಲೆ ಅವಳ ಹಳೇ ಸಣ್ಣ ಮೋಟಾರೇ ತೋಳು ದಪ್ಪ ನೀರು ಎತ್ತಿತು. ನಮ್ಮಕ್ಕ ಕಣ್ರೀ ಅವಳು!

ಅರ್ಧ ಬಾಳೆ ಹೋಯಿತು, ಅರ್ಧ ಉಳಿಯಿತು. ಮೊದಲ ಚಿಪ್ಪು ನನ್ನ ಕ್ಲಾಸಿನ ಮಕ್ಕಳಿಗೆ ಬಂತು. ಎಂಟನೇ ಪಂಪ್‌ಹೌಸಿನ ಬೀಗದ ಕೈ ಮಾತ್ರ ಇವತ್ತಿಗೂ ಅವಳ ಸೊಂಟದಲ್ಲೇ ಇದೆ. ನಾನು ವಾಪಸ್ ಕೇಳಿಲ್ಲ.