ಕತ್ತಿನಾಚೆಗೂ ಹೋದ ತಂತಿ

ಪಿರಿಯಾಪಟ್ಟಣದ ಕಡೆಯ ನಮ್ಮ ಸೋದರಮಾವ ಹೊಗೆಸೊಪ್ಪು ಬೆಳೆಯುವವರು. ಬೆರಳುಗಳೋ, ಒಂದೊಂದೂ ಗೆಣಸಿನಂತೆ. ಆ ಬೆರಳಿಗೆ ಹವಾಯಿಯನ್ ಗಿಟಾರಿನ ಹುಚ್ಚು ಹೇಗೆ ಹತ್ತಿತೋ! ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ಆರ್ಕೆಸ್ಟ್ರಾದವರೊಬ್ಬರು ಮಾರಿದ ಹಳೆಯ ವಾದ್ಯವನ್ನು ಕೊಂಡು ತಂದರು. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಸರಳು ಜಾರಿಸುತ್ತ, ಬಲಗೈಯಲ್ಲಿ ಮೀಟುತ್ತ ಸಂಜೆ ಕಳೆಯುತ್ತಿದ್ದರು.

ಅದರ ಕತ್ತು, ಅಂದರೆ ತಂತಿಗಳಡಿಯ ಉದ್ದನೆಯ ಮರ, ಬಲು ಕಿರಿದು; ತಂತಿಗಳೆಲ್ಲ ಒತ್ತೊತ್ತು. ಒಂದನ್ನು ಮೀಟಿದರೆ ಪಕ್ಕದ್ದೂ ನರಳುತ್ತಿತ್ತು. ನಾವು ನಗುತ್ತಿದ್ದೆವು, ಮಾವನೂ ನಗುತ್ತಿದ್ದರು. ಮಗಳ ಮದುವೆ ಗೊತ್ತಾದ ಮೇಲೆ ಅವರ ನಗು ನಿಂತಿತು.

“ಆರ್ಕೆಸ್ಟ್ರಾ ಗೀರ್ಕೆಸ್ಟ್ರಾ ಬ್ಯಾಡ ಕಣಪ್ಪ, ಆರತಕ್ಷತೆಗೆ ನೀನೇ ಒಂದು ಪದ ಬಾರ್ಸು” ಅಂದುಬಿಟ್ಟಿದ್ದಳು ಅವಳು.

“ಬೀಗ್ರ ಮುಂದೆ ಮಾನ ಓಯ್ತದೆ ಕಣೇ” ಎಂದು ಮಾವ ಅತ್ತೆಯ ಬಳಿ ಗೋಳಾಡಿದರು. ಅತ್ತೆ ಹೊಗೆಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಕೋಣೆ, ಬ್ಯಾರನ್ನಿನ ಮುಂದೆ ಕುಳಿತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಎಲೆ ಎತ್ತಿಕೊಡುತ್ತಿದ್ದವನು ನಾನು.

“ಒತ್ತಾಗಿ ಕಟ್ಟಿದ್ರೆ ಸೊಪ್ಪು ಕೆಡ್ತದೆ ಅಂತ ನನಗ್ ಬೈತೀರಲ್ಲ, ನಿಮ್ ತಂತೀನೂ ಅಗಲ್ಸಿ ಕಟ್ರಿ.”

“ಎಲ್ಲಿಗ್ ಅಗಲ್ಸ್ಲೇ? ಕತ್ತು ಇರೋದೇ ಇಷ್ಟು!”

“ತಂತೀನ ಕತ್ತಿಗೆ ಅದುಮಿ ಬಾರ್ಸ್ತೀರಾ ನೀವು? ಸರಳು ಮ್ಯಾಲ್ಮ್ಯಾಲೇ ಓಯ್ತದಲ್ಲ. ಕತ್ತಿಂದಾಚೆ ನಿಂತ್ರೆ ತಂತಿ ಬಿದ್ ಓಯ್ತದಾ?”

ಮಾವ ಒಳಗೋಡಿ ವಾದ್ಯ ತಂದು ಸರಳಿನಡಿ ಇಣುಕಿದರು. ನಾನೂ ಎಲೆ ಹಿಡಿದುಕೊಂಡೇ ಬಗ್ಗಿ ನೋಡಿದೆ. ನಿಜ ಕಣ್ರೀ! ಆ ವಾದ್ಯದಲ್ಲಿ ತಂತಿ ಮರವನ್ನು ಮುಟ್ಟುವುದೇ ಇಲ್ಲ. ಸರಳಿನಡಿ, ಬರೀ ಗಾಳಿಯಲ್ಲಿ ನುಡಿಯುತ್ತದೆ. ಅದಕ್ಕೆ ಕತ್ತಿನ ಅಂಚೆಂಬುದೇ ಲೆಕ್ಕಕ್ಕಿಲ್ಲ. ದಿನಾ ಎದುರಿಗಿದ್ದರೂ ನಮಗದು ಕಂಡಿರಲಿಲ್ಲ.

ಮಾವ ಬೀಟೆ ಮರದ ತುಂಡು ಕೆತ್ತಿ, ಕತ್ತಿನ ತುದಿಗೆ, ತಂತಿಗಳು ಅಗಲವಾಗಿ ಕೂರಲೆಂದು, ಎರಡೂ ಕಡೆ ಚಾಚುವಂಥ ಪಟ್ಟಿ ಕೂರಿಸಿದರು. ಮೀಟುವ ಕಡೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನೂ ಅಷ್ಟೇ ಅಗಲ ಮಾಡಿದರು. ಹಳೆಯ ಸರಳು ಗಿಡ್ಡವಾಯಿತೆಂದು ಹುಣಸೂರಿನ ಲೇತ್‌ನಲ್ಲಿ ಉದ್ದನೆಯದು ಮಾಡಿಸಿದರು. ಅಂಚಿನ ಎರಡು ತಂತಿಗಳು ಮರ ಬಿಟ್ಟು, ಬೇಲಿ ದಾಟಿದ ಬಳ್ಳಿಯಂತೆ ಆಚೆ ನಿಂತವು.

ಆರತಕ್ಷತೆ ಕೆ.ಆರ್. ನಗರದಲ್ಲಿ, ಗಂಡಿನ ಕಡೆಯವರದು. ಮಾವ ಮೂಲೆಯ ಕುರ್ಚಿಯಲ್ಲಿ ಕುಳಿತು, ಬೆವರೊರೆಸಿಕೊಂಡು, ಮೀಟಿದರು. ಒಂದೇ ತಂತಿ ನುಡಿಯಿತು. ಪಕ್ಕದ್ದು ಉಸಿರೆತ್ತಲಿಲ್ಲ. ಆ ಸ್ವರ ಜಾರಿ, ಏರಿ, ಉದ್ದಕ್ಕೆ ಎಳೆದುಕೊಂಡು ಹೋಗುತ್ತಿದ್ದರೆ ನನ್ನ ಮೈ ಜುಮ್ಮೆಂದಿತು. ಉಡುಗೊರೆ ಹಿಡಿದು ಸಾಲಾಗಿ ನಿಂತವರ ಗಲಾಟೆಯೂ ಅಡಗಿತು.

“ಈ ಕಡೆ ನೋಡಮ್ಮ, ನಗಮ್ಮ” ಎಂದು ವಿಡಿಯೋದವನು ಎಷ್ಟು ಕರೆದರೂ ಮದುಮಗಳು ಅಪ್ಪನ ಕಡೆಯಿಂದ ಕಣ್ಣು ತೆಗೆಯಲಿಲ್ಲ.